ಒಳಗೆ ಬಿಟ್ಟ ಬಟ್ಟೆ

ಊರಿನ ದರ್ಜಿ ಹೆಂಗಸಿಗೆ ಕತ್ತರಿ ಅತ್ತೆ ಎಂದು ಹೆಸರು ಬಿದ್ದದ್ದು ಕೈಯಲ್ಲಿರುವ ಕತ್ತರಿಯಿಂದಲ್ಲ, ಬಾಯಲ್ಲಿರುವುದರಿಂದ. ಬೆಳೆಯುವ ಮಕ್ಕಳ ಬಟ್ಟೆಗೆ ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಡುವುದು ಅವಳ ಮೂವತ್ತು ವರ್ಷದ ಪದ್ಧತಿ. ಮಗು ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಿ ಅಗಲ ಮಾಡಿದರಾಯಿತು. ಆ ಪದ್ಧತಿಯನ್ನು ಅವಳು ಒಂದೇ ಒಂದು ಸಲ ಮುರಿದಳು, ಅದೂ ಸ್ವಂತ ತಮ್ಮನ ಮಗಳಿಗೆ.

ಹದಿನಾರರ ಹುಡುಗಿ ಒಂದೇ ಉಡುಪು ಹಿಡಿದುಕೊಂಡು ಮೂರು ಸಲ ಬಂದಳು, ಮೂರು ಸಲವೂ ಸೊಂಟ ಬಿಗಿ ಮಾಡಿಸಲು. ಮೂರನೆಯ ಸಲ, "ಒಳಗಿರೋ ಬಟ್ಟೆ ಚುಚ್ಚುತ್ತೆ ಅತ್ತೆ, ಕತ್ತರಿಸಿಬಿಡು" ಅಂದಳು. ಅತ್ತೆ ಕತ್ತರಿಸಿದಳು. ಸಾಲದ್ದಕ್ಕೆ, "ಈಗ ನೋಡು, ಸೊಂಟ ಅಂದ್ರೆ ಸೊಂಟ!" ಎಂದು ಹೊಗಳಿದಳು ಬೇರೆ. ನಾಲ್ಕನೆಯ ಸಲ ಟೇಪು ಸುತ್ತುವಾಗ ಬೆರಳಿಗೆ ಪಕ್ಕೆಲುಬುಗಳು ಒಂದೊಂದಾಗಿ ತಗುಲಿದವು. ಹುಡುಗಿ ಕಣ್ಣು ಕತ್ತಲೆ ಬಂದು ಮೆಷಿನ್ನಿನ ಮೇಲೆ ಕುಸಿದಳು.

ಅತ್ತೆ ನೇರ ತಮ್ಮನ ಮನೆಗೆ ನುಗ್ಗಿದಳು. "ಮಗು ಕರಗಿ ಹೋಗ್ತಿದೆ, ನಿಮ್ಮ ಕಣ್ಣೇನು ಹಿಂಗಿ ಹೋಗಿದ್ಯಾ?"

"ಹಸಿವಾದ್ರೆ ತಾನೇ ತಿಂತಾಳೆ ಬಿಡಕ್ಕ. ಇದೆಲ್ಲ ಪಟ್ಟಣದೋರ ಕಾಯಿಲೆ" ಅಂದ ತಮ್ಮ.

"ಊರಿಗೆ ಗೊತ್ತಾದ್ರೆ ಮಾನ ಹೋಗುತ್ತೆ" ಅಂದಳು ಅವನ ಹೆಂಡತಿ.

"ಮಗಳೇ ಹೋದ್ಮೇಲೆ ಆ ಮಾನಾನ ಎಲ್ಲಿಟ್ಕೋತೀಯೇ?"

ಊರಿನ ಆಸ್ಪತ್ರೆಯ ಡಾಕ್ಟರು ಟಾನಿಕ್ಕಿನ ಬಾಟಲಿ ಕೊಟ್ಟು, "ಚೆನ್ನಾಗಿ ತಿನ್ನಮ್ಮ" ಅಂದರು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ತಿನ್ನೋಕಾಗಲ್ಲ ಅಂತ ಬಂದೋಳಿಗೆ ತಿನ್ನು ಅನ್ನೋಕೆ ಡಾಕ್ಟರು ಯಾಕ್ರೀ ಬೇಕು? ಕಾಲು ಮುರಿದೋನಿಗೆ ಓಡು ಅಂತೀರಾ?" ಬಾಟಲಿಯನ್ನು ಅವರ ಮೇಜಿನ ಮೇಲೆಯೇ ಕುಕ್ಕಿ ಬಂದಳು.

ಮುಂದಿನ ಮಂಗಳವಾರ ಅಂಗಡಿಗೆ ಬೀಗ ಜಡಿದು, ಹುಡುಗಿಯನ್ನು ಬಸ್ಸು ಹತ್ತಿಸಿ ಮೂರು ಗಂಟೆ ದೂರದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ, ಇದು ಹಟವಲ್ಲ, ಕಾಯಿಲೆ, ಬಿಟ್ಟರೆ ಜೀವಕ್ಕೇ ಅಪಾಯ ಎಂದರು. ಪ್ರತಿ ವಾರ ಬರಬೇಕು. ಊಟದ ಹೊತ್ತಿಗೆ ಯಾರಾದರೂ ಜೊತೆಗೆ ಕೂರಬೇಕು, ಆದರೆ ಬೈಯಬಾರದು, ಹೊಗಳಬಾರದು, ಮೈಯ ಮಾತು ಎತ್ತಲೇಬಾರದು. ಮನೆಯಲ್ಲಾದರೋ ಅಜ್ಜಿ ತುತ್ತು ಎಣಿಸುತ್ತಿದ್ದಳು, ನೆರೆಯವರು ಕಿಟಕಿಯಲ್ಲಿ ಇಣುಕುತ್ತಿದ್ದರು.

ಹೀಗಾಗಿ ಮಧ್ಯಾಹ್ನ ಒಂದಕ್ಕೆ ಅಂಗಡಿಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ತಟ್ಟೆ. ಅತ್ತೆ ಉಂಡು, ಗುಂಡಿ ಹಚ್ಚುತ್ತ, ಬಸ್ಸಿನ ಕಂಡಕ್ಟರನನ್ನು ಬೈಯುತ್ತ ಕೂರುತ್ತಿದ್ದಳು. ಎಷ್ಟೋ ದಿನ ಹುಡುಗಿಯ ತಟ್ಟೆ ಹಾಗೇ ಉಳಿಯಿತು. ಹುಡುಗಿ ಅತ್ತಳು. ಅತ್ತೆ ತುಟಿ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು. ನುಂಗಿದ ಮಾತನ್ನೆಲ್ಲ ಎರಡು ಗಂಟೆಯ ಮೇಲೆ ಬಂದ ಗಿರಾಕಿಗಳ ಮೇಲೆ ಕಾರಿದಳು.

"ಮಂಗಳವಾರ ಬಂದ್ರೆ ಬೀಗ, ಮಧ್ಯಾಹ್ನ ಬಂದ್ರೆ ಬಾಗಿಲಿಲ್ಲ. ಆ ಹುಡುಗಿಗೆ ನಾಲ್ಕು ಬಾರಿಸಿದ್ರೆ ತಿಂತಾಳಪ್ಪ" ಅಂದಳು ಒಬ್ಬಳು.

"ನಿನ್ನ ರವಿಕೆ ಒಂದು ವಾರ ಕಾಯುತ್ತೆ, ನನ್ನ ಹುಡುಗಿ ಕಾಯಲ್ಲ. ಬಾರಿಸೋಕೆ ಕೈ ತುರಿಸಿದ್ರೆ ಹೋಗಿ ಗೋಡೆಗೆ ಬಾರಿಸ್ಕೋ!"

ಆದರೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಅವಳಿಗೆ ತನ್ನ ಮೇಲೆಯೇ ಇತ್ತು. ಅಂದು ಕತ್ತರಿಸಿ ಎಸೆದಿದ್ದ ಪಟ್ಟಿಯನ್ನು ಚಿಂದಿಯ ಚೀಲದಿಂದ ಹುಡುಕಿ ತೆಗೆದು ಗುಂಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ದಿನಕ್ಕೆ ಹತ್ತು ಸಲ ಆ ಡಬ್ಬಿ ತೆರೆಯಬೇಕಾಗುತ್ತಿತ್ತು.

ದೊಡ್ಡಾಸ್ಪತ್ರೆಗೆ ಹೋಗತೊಡಗಿದ ಹನ್ನೊಂದನೆಯ ತಿಂಗಳು ಹುಡುಗಿ ಹೊಸ ಬಟ್ಟೆ ತಂದಳು. ಇಡೀ ಬೀದಿಗೆ ಕೇಳುವಂತೆ ಅಳತೆ ಕೂಗುತ್ತಿದ್ದ ಅತ್ತೆ ತುಟಿ ಬಿಚ್ಚದೆ ಟೇಪು ಹಿಡಿದಳು.

"ಅತ್ತೆ," ಹುಡುಗಿ ನೆಲ ನೋಡುತ್ತ ಅಂದಳು, "ಈ ಸಲ ಒಳಗೆ ಬಟ್ಟೆ ಬಿಡು. ಮೊದಲು ಬಿಡ್ತಿದ್ದೆಯಲ್ಲ, ಅಷ್ಟು."

ಅಳು ಬಂದರೆ ಅತ್ತೆಗೆ ಗೊತ್ತಿದ್ದದ್ದು ಒಂದೇ ದಾರಿ, ರೇಗಿದಳು.

"ಮೂರು ಬೆರಳು ಬಿಡ್ತೀನಿ ಕಣೇ! ಎಷ್ಟು ಬಿಡ್ಬೇಕು ಅಂತ ದರ್ಜಿಗೆ ಹೇಳಿಕೊಡೋಕೆ ಬಂದ್ಬಿಟ್ಲು. ಕೂತ್ಕೋ, ಗಂಟೆ ಒಂದಾಯ್ತು."