ಸುವಾರ್ತಮ್ಮನ ಬೆರಳು

ಆಂಧ್ರದ ಗಡಿಯ ಕೋಸಗಿಯ ಕ್ರೈಸ್ತರ ಓಣಿಯಲ್ಲಿ ಯಾರಿಗೇ ಸಂಕಟ ಬರಲಿ, ಪಾಸ್ಟರಿಗಿಂತ ಮೊದಲು ಸುವಾರ್ತಮ್ಮನ ಬೆರಳನ್ನು ಕೇಳುತ್ತಾರೆ. ಆಕೆ ಕಣ್ಣು ಮುಚ್ಚಿ ತೆಲುಗು ಬೈಬಲು ತೆರೆದು ಬೆರಳಿಡುವಳು. ಬೆರಳು ಬಿದ್ದ ಸಾಲೇ ದೇವರ ತೀರ್ಪು. ಎಮ್ಮೆ ಮಾರುವುದಕ್ಕೂ ಅದೇ, ಗುಂಟೂರಿಗೆ ಕೂಲಿ ಹೋಗುವುದಕ್ಕೂ ಅದೇ. ನೋಹನ ನಾವೆಯ ಅಳತೆ ಬಂದರೂ "ಮನಿ ಕಟ್ಟು ಅಂತೈತಪ" ಎಂದು ಅರ್ಥ ಬಿಡಿಸಿ ಕಳಿಸುವಳು. "ನಾ ಹೇಳಾಕಿ ಅಲ್ಲ, ವಾಕ್ಯಂ ಹೇಳ್ತೈತಿ" ಎಂಬುದು ಆಕೆಯ ಪಲ್ಲವಿ. ಮನೆ ಪಾಲಿನ ಗೋಡೆಯ ಜಗಳದಲ್ಲಿ ತಮ್ಮನ ಏಟಿಗೆ ಹಲ್ಲು ಕಳೆದುಕೊಂಡ ಆಕೆಯ ಹಿರಿಮಗ ಪ್ರಭುದಾಸ ಒಂದು ಬೆಳಿಗ್ಗೆ ಕೇಳಿದಾಗ, ಬೆರಳು ಹಳೆಯ ಒಡಂಬಡಿಕೆಯ "ಹಲ್ಲಿಗೆ ಹಲ್ಲು" ಎಂಬಲ್ಲಿ ಬಿತ್ತು. ಹೊಡೆದು ಮರುಗುತ್ತಿದ್ದ ಕಿರಿಯವ ದಾನಿಯೇಲು ಸಂಜೆ ಕೇಳಿದಾಗ ಹೊಸ ಒಡಂಬಡಿಕೆಯ "ಇನ್ನೊಂದು ಕೆನ್ನೆಯನ್ನೂ ಒಡ್ಡು" ಎಂಬಲ್ಲಿ ಬಿತ್ತು. ಒಬ್ಬ ಮಗನ ಪಕ್ಷ ಹಿಡಿದಳೆಂಬ ಮಾತು ಬರಬಾರದೆಂದು ತಾಯಿ ಅಂದು ಮಾತ್ರ ಅರ್ಥ ಬಿಡಿಸಲಿಲ್ಲ. ಇಬ್ಬರೂ ವಾಕ್ಯ ಮೀರಲಿಲ್ಲ: ಅಣ್ಣ ಗುದ್ದಲಿ ಎತ್ತಿದ, ತಮ್ಮ ಕೈಕಟ್ಟಿ ನಿಂತ. ಒಬ್ಬ ಮಣ್ಣಿಗೆ, ಒಬ್ಬ ಜೈಲಿಗೆ ಹೋದ ಮೇಲೆ "ಆಕಿ ಬೆರಳು ಸುಳ್ಳಾಗಂಗಿಲ್ಲ ನೋಡು" ಎಂದು ಜನ ಇನ್ನೂ ಹೆಚ್ಚು ಬರುತ್ತಾರೆ. ಅವರೆಲ್ಲ ಎದ್ದುಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಆಕೆ ತನಗಾಗಿ ಕಣ್ಣು ಮುಚ್ಚುವಳು. "ಪ್ರಭುವಾ, ಯಾವ ಮಗ ನಿನ ಮಾತು ಕೇಳಿದ?" ಗಾಳಿಯಿಲ್ಲದ ಮನೆಯಲ್ಲಿ ಪುಟಗಳು ತಾವೇ ಹೊರಳುತ್ತವೆ. ಬೆರಳು ದಿನಾ ಬೀಳುವುದು ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವಿನ ಖಾಲಿ ಹಾಳೆಯ ಮೇಲೆ. ಒತ್ತಿ ಒತ್ತಿ ಆ ಹಾಳೆ ಈಗ ಕಪ್ಪಾಗಿದೆ. ಅಕ್ಷರ ಮಾತ್ರ ಮೂಡಿಲ್ಲ.