ಬೆನ್ನು ಬರೆಯುವವರು

ನಿಜಾಮರ ಕೊನೆಯ ದಿನಗಳಲ್ಲಿ ಯಲಬುರ್ಗಾಕ್ಕೆ ಬಂದ ಚಿತ್ರಕಾರರೊಬ್ಬರು ಸಂತೆಯಲ್ಲಿ ಕೂತು ಜನರ ಮುಖ ಬಿಟ್ಟು ಬೆನ್ನುಗಳನ್ನಷ್ಟೇ ಬರೆಯುತ್ತಿದ್ದರು. ಯಾಕೆಂದು ಕೇಳಿದರೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಮಾರಿ ಸುಳ್ಳು ಹೇಳತೈತ್ರಿ" ಎನ್ನುತ್ತಿದ್ದರು. ಅವರು ಪೊಲೀಸರ ಕಡೆಯವರೆಂದು ನಮಗೆಲ್ಲ ಗುಮಾನಿ.

ಒಂದು ದಿನ ಪೊಲೀಸ್ ಅಮೀನರು ಅವರ ಪುಸ್ತಕ ಕಸಿದು, ಒಂದು ಹಾಳೆಯನ್ನು ಅವ್ವನಿಗೂ ನನಗೂ ತೋರಿಸಿದರು.

"ಇಂವ ಯಾರು? ಸಾಫ್ ಹೇಳು."

ಪೊಲೀಸರು ಹುಡುಕುತ್ತಿದ್ದ ನನ್ನ ಅಣ್ಣನದೇ ಬೆನ್ನು. ತುಸು ಇಳಿದ ಆ ಎಡಭುಜವನ್ನು ಇಬ್ಬರೂ ಗುರುತಿಸಿದೆವು.

"ಗೊತ್ತಿಲ್ರಿ" ಎಂದಳು ಅವ್ವ.

"ಮಾರಿ ಇಲ್ಲದ ಚಿತ್ರ, ಬೇಕಾರ್" ಎಂದು ಅಮೀನರು ಪುಸ್ತಕ ಎಸೆದು ಹೋದರು.

ಚಿತ್ರಕಾರರು ಧೂಳು ಕೊಡವಿ ಮತ್ತೆ ಪೆನ್ಸಿಲ್ ಹಿಡಿದರು. ಅವ್ವ ಅವರತ್ತ ಮುಖ ಮಾಡಿಕೊಂಡೇ, ಸಂತೆ ದಾಟುವವರೆಗೂ ಹಿಂದಹಿಂದಕ್ಕೆ ನಡೆದಳು.