ತೇಗಕ್ಕೆ ಹೊದಿಸಿದ ಕಂಬಳಿ

ಬಾಗೂರು ಕಡೆಯ ಕಾಟಯ್ಯ ಕುರಿ ಮಾರಿ ಕೊಡಲಿ ಹಿಡಿದದ್ದು ಎಪ್ಪತ್ತೆಂಟರಲ್ಲಿ. ಆಮೇಲಿನ ಇಪ್ಪತ್ತು ವರ್ಷ ಅವನು ಮರ ಕಡಿಯುವ ಗುಂಪಿನ ಮೇಸ್ತ್ರಿ. ಶುರುವಾದದ್ದು ಗುಡ್ಡದ ತೇಗದ ತೋಪಿನಲ್ಲಿ. ಮರಗಳು ಒತ್ತೊತ್ತಾಗಿ ಬೆಳೆದಿದ್ದವು. ಸುಣ್ಣದ ಗುರುತು ಹಾಕಿದವನ್ನು ಕಡಿದು ಉಳಿದವಕ್ಕೆ ಬಿಸಿಲು ಬಿಡಬೇಕಿತ್ತು. ಕಡಿಯುವುದೇನು ಮಹಾ! ಕೊಡಲಿ ಇದ್ದ ಯಾರಾದರೂ ಕಡಿದಾರು. ದಿಮ್ಮಿಯನ್ನು ಎತ್ತುಗಳಿಂದ ಎಳೆಸುವಾಗ ನಿಂತ ಮರದ ಮೈ ತರಚದಂತೆ ನೋಡುವುದಿದೆಯಲ್ಲ, ಕೆಲಸ ಅಂದರೆ ಅದು.

ಮೊದಲ ವಾರವೇ ಎಡವಟ್ಟಾಯಿತು. ಇಳಿಜಾರಿನ ತಿರುವಿನಲ್ಲಿ ದಿಮ್ಮಿ ಹೊರಳಿ ಒಂದು ಮರದ ತೊಗಟೆ ಸುಲಿದುಹೋಯಿತು. ಅರಣ್ಯ ಇಲಾಖೆಯ ಗಾರ್ಡ್ ಮುರುಗಪ್ಪ ಬಂದು ನೋಡಿದ.

"ಏನಪ್ಪ ಕಾಟಯ್ಯ, ಇದು ಇನ್ನ ಬದುಕತೈತಾ? ಇನ್ನೊಂದು ಮರ ಹಿಂಗಾದ್ರೆ ನಿಮ್ ಗುಂಪು ಮನೆಗೆ ಹೋಗಾದೇ."

ಗುಂಪೆಂದರೆ ಹನ್ನೆರಡು ಮನೆ. ದಿಮ್ಮಿ ಇಳಿಸಲು ಬೇರೆ ದಾರಿಯಿಲ್ಲ, ತಿರುವಿನ ಎರಡೂ ಕಡೆ ಬಂಡೆ. ತಿರುವಿನ ಇನ್ನೊಂದು ಮರಕ್ಕೆ ಗೋಣಿಚೀಲ ಕಟ್ಟಿದರು. ಎರಡನೇ ದಿಮ್ಮಿಗೇ ಚಿಂದಿಯಾಯಿತು. ಮರುದಿನ ಕಾಟಯ್ಯ ಮನೆಯಿಂದ ಕರಿ ಕಂಬಳಿ ತಂದು ಆ ಮರಕ್ಕೆ ಸುತ್ತಿ ಹಗ್ಗ ಬಿಗಿದ. ಮಗಳ ಮದುವೆಯ ಗದ್ದುಗೆಗೆಂದು ಹೆಂಡತಿ ಜುಂಜಮ್ಮ ತಾನೇ ಉಣ್ಣೆ ನೂತು ನೇಯಿಸಿಟ್ಟ ಹೊಸ ಕಂಬಳಿ ಅದು. ಅದನ್ನು ಹಾಸಿ ಪೂಜೆ ಮಾಡದೆ ಅವರಲ್ಲಿ ತಾಳಿ ಕಟ್ಟುವಂತಿಲ್ಲ. ಹೆಂಡತಿಯನ್ನು ಕೇಳುವಷ್ಟು ಧೈರ್ಯ ಅವನಿಗಿರಲಿಲ್ಲ.

ಅವಳು ಸುಮ್ಮನಿರುವವಳೇ? ಮಧ್ಯಾಹ್ನಕ್ಕೆ ಗುಡ್ಡ ಹತ್ತಿಯೇ ಬಂದಳು.

"ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ದೇವ್ರ ಮುಂದೆ ಹಾಸಾ ಕಂಬಳೀನ ಮರಕ್ಕೆ ಹೊದಿಸೀಯಲ್ಲ, ನಾಳೆ ಮಗಳನ್ನ ಎಲ್ಲಿ ಕುಂದ್ರಸ್ತೀಯ?"

ಆಳುಗಳು ನೆಲ ನೋಡಿದರು. ಕಾಟಯ್ಯ ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾತು ಕಣೇ. ಹನ್ನೆರಡು ಮನೆ ಒಲೆ ಇದ್ರ ಮೇಲೆ ನಿಂತೈತೆ, ಏನ್ ಮಾಡ್ಲಿ?"

ಅವಳು ಹಗ್ಗ ಬಿಚ್ಚಿದಳು. ಕಂಬಳಿ ನಡುವೆ ಹರಿದು ಎಳೆ ಜೋತುಬಿದ್ದಿತ್ತು. ಹರಿದದ್ದು ಗದ್ದುಗೆಗೆ ಬಾರದು. ಅವಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಸುಲಿದ ಮರದ ಗಾಯದೊಳಗೆ ಇರುವೆಗಳು ಸಾಲುಗಟ್ಟಿದ್ದವು. ಕಂಬಳಿ ಸುತ್ತಿದ ಮರದ ತೊಗಟೆಯ ಮೇಲೆ ಅವಳು ಅಂಗೈ ಆಡಿಸಿದಳು. ಒಂದು ಗೀರೂ ಇರಲಿಲ್ಲ.

ಹರಿದ ಭಾಗವನ್ನು ಒಳಗೆ ಮಡಚಿ, ಮತ್ತೆ ಮರಕ್ಕೇ ಸುತ್ತಿದಳು.

"ಮದ್ವೆ ಒಂದ್ ತಿಂಗ್ಳು ಮುಂದಕ್ ಹೋಗ್ಲಿ. ಇನ್ನೊಂದು ನೂಲ್ತೀನಿ. ನಿಂತು ನೋಡ್ತೀಯೇನು? ಹಿಡ್ಕ ಹಗ್ಗಾನ, ಬಿಗಿಯಾಗಿ!"